ಎದುರು ಮನೆಯ ನಾಬು

ನಮ್ಮೂರಿನಲ್ಲಿ ಮನುಷ್ಯರ ದನಿ ಎರಡು ಮೊಳಕ್ಕಿಂತ ಆಚೆ ಹೋಗುವುದಿಲ್ಲ. ಕಾಗೆಯ ಕೂಗು ಹೋಗುತ್ತದೆ, ಒನಕೆಯ ಸದ್ದು ಹೋಗುತ್ತದೆ, ಬಸ್ಸಿನ ಹಾರನ್ನಂತೂ ಕೆರೆಯಾಚೆಗೂ ಕೇಳುತ್ತದೆ. ಗಂಟಲಿನಿಂದ ಹೊರಟದ್ದು ಮಾತ್ರ ಎರಡು ಮೊಳಕ್ಕೆ ನಿಂತುಬಿಡುತ್ತದೆ. ಹೊರಗಿನಿಂದ ಬಂದವರು ಮೊದಮೊದಲು ಗಂಟಲು ಹರಿದುಕೊಳ್ಳುತ್ತಾರೆ. ನಾಲ್ಕು ದಿನ ಕಳೆದ ಮೇಲೆ ಅವರೂ ಹತ್ತಿರ ಬಂದು ಮಾತಾಡುವುದನ್ನು ಕಲಿಯುತ್ತಾರೆ. ಇಲ್ಲಿ ಜಗಳವಾಡಬೇಕೆಂದರೂ ಎದ್ದು ಹೋಗಿ ಪಕ್ಕದಲ್ಲಿ ನಿಲ್ಲಬೇಕು. ಅಷ್ಟು ದೂರ ನಡೆಯುವಷ್ಟರಲ್ಲಿ ಅರ್ಧ ಜಗಳ ತಣ್ಣಗಾಗಿರುತ್ತದೆ. ತಣ್ಣಗಾಗದೆ ಉಳಿದದ್ದು ಜನ್ಮಕ್ಕಂಟುತ್ತದೆ.

ಹಾಗಾಗಿ ನಮ್ಮಲ್ಲಿ ಪ್ರತಿ ಮನೆಯ ಮುಂದೆಯೂ ಒಂದು ಕಾರು ನಿಂತಿರುತ್ತದೆ. ಓಡುವ ಕಾರು ಎಂದುಕೊಳ್ಳಬೇಡಿ. ಕೆಲವಕ್ಕೆ ಚಕ್ರವೇ ಇಲ್ಲ, ಇಟ್ಟಿಗೆಯ ಮೇಲೆ ಕೂತಿವೆ. ಒಂದೆರಡರ ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂರುತ್ತದೆ. ನಮಗೆ ಬೇಕಾದದ್ದು ಬ್ಯಾಟರಿ, ಅದನ್ನು ಚಾರ್ಜ್ ಮಾಡುವಷ್ಟು ಎಂಜಿನ್, ಮೈಕು ನೆನೆಯದಂತೆ ಮೇಲೊಂದು ಛಾವಣಿ. ಡಿಕ್ಕಿಯಲ್ಲಿ ಆಂಪ್ಲಿಫೈಯರ್ ಇರುತ್ತದೆ, ಛಾವಣಿಯ ಮೇಲೆ ಎರಡು ಸ್ಪೀಕರ್. ಮದುವೆಗೆ ಕರೆಯುವುದು, ತಪ್ಪಿಸಿಕೊಂಡ ಎಮ್ಮೆಯನ್ನು ಹುಡುಕಿಸುವುದು, ಸಾವು ತಿಳಿಸುವುದು ಎಲ್ಲವೂ ಸ್ಟೀರಿಂಗ್ ಮುಂದೆ ಕೂತು ಮೈಕು ಹಿಡಿದೇ ಆಗಬೇಕು. ಅದನ್ನು ನಾವು ಕಾರು ಎನ್ನುವುದೂ ಇಲ್ಲ, ಕೂಗು ಎನ್ನುತ್ತೇವೆ. ಹೆಣ್ಣು ನೋಡಲು ಹೋದವರು ಮೊದಲು ವಿಚಾರಿಸುವುದು ಆ ಮನೆಯ ಕೂಗು ಎಲ್ಲಿಯವರೆಗೆ ಕೇಳುತ್ತದೆ ಎಂದು.

ಈ ಕೂಗುಗಳನ್ನು ಕೂರಿಸುವವನು ನಾನು. ಹೆಸರು ಮರಿಮಾದಯ್ಯ, ಕರೆಯುವುದು ಫಿಟ್ಟರ್ ಮಾದ. ಜನರಿಗಿಂತ ಮಷೀನುಗಳ ಜೊತೆ ನನಗೆ ಹೆಚ್ಚು ಹೊಂದಿಕೆ. ಮಷೀನು ಕೆಟ್ಟರೆ ಕೆಟ್ಟಿದೆ ಎಂದು ತೋರಿಸುತ್ತದೆ, ಜನ ತೋರಿಸುವುದಿಲ್ಲ.

ಆಂಪ್ಲಿಫೈಯರ್ ಜೊತೆ ಡಬ್ಬಿಯಲ್ಲಿ ಒಂದು ಸಣ್ಣ ನಾಬು ಬರುತ್ತದೆ, ಅದಕ್ಕೊಂದು ತಂತಿ. ಬೇರೆ ಊರುಗಳಲ್ಲಿ ಅದನ್ನು ಡ್ಯಾಶ್‌ಬೋರ್ಡಿನ ಕೆಳಗೆ ಕೂರಿಸುತ್ತಾರಂತೆ. ಕಾರು ಓಡಿಸುವವನು ಕೂತಲ್ಲಿಂದಲೇ ಕೈ ಚಾಚಿ ತನಗೆ ಬೇಕಾದಷ್ಟು ತಿರುಗಿಸಿಕೊಳ್ಳುತ್ತಾನಂತೆ. ನಮ್ಮಲ್ಲಿ ಹಾಗೆ ಮಾಡಿದರೆ ಊರು ಬಿಡಿಸುತ್ತಾರೆ. ನಮ್ಮಲ್ಲಿ ನಾಬಿನ ತಂತಿ ಬೀದಿ ದಾಟಿ ಎದುರು ಮನೆಗೆ ಹೋಗುತ್ತದೆ. ನನ್ನ ದನಿ ಎಷ್ಟು ದೊಡ್ಡದಿರಬೇಕೆನ್ನುವುದು ಅದನ್ನು ಕೇಳಿಸಿಕೊಳ್ಳಬೇಕಾದ ಎದುರು ಮನೆಯವರ ಕೈಯಲ್ಲಿ. ಅವರ ದನಿ ನನ್ನ ಕೈಯಲ್ಲಿ. ನಮ್ಮಜ್ಜನ ಕಾಲದಲ್ಲಿ ಕಾರಿರಲಿಲ್ಲ, ಕಹಳೆಯಿತ್ತು. ಆಗಲೂ ಕಹಳೆಯ ಬಾಯಿಗೆ ಬಟ್ಟೆ ತುರುಕುವ ಅಧಿಕಾರ ಎದುರು ಮನೆಯವರದೇ ಆಗಿತ್ತಂತೆ.

ನಾಬನ್ನು ಗೋಡೆಯ ಗೂಡಿನಲ್ಲಿಟ್ಟು ಮೇಲೊಂದು ಬಟ್ಟೆ ಮುಚ್ಚುತ್ತಾರೆ. ನನ್ನ ನಾಬನ್ನು ಎಷ್ಟು ತಿರುಗಿಸಿದ್ದೀಯ ತೋರಿಸು ಎಂದು ಕೇಳುವುದು, ಸ್ನಾನ ಮಾಡುವಾಗ ಬಾಗಿಲು ತೆಗೆ ಎಂದು ಕೇಳಿದ ಹಾಗೆ. ಬಾಯಿಮಾತಿನಲ್ಲಿ ಕೇಳಬಹುದು. ಕೇಳಿದರೆ ಎಲ್ಲರೂ ಕೊಡುವ ಉತ್ತರ ಒಂದೇ: "ಪೂರ್ತಿ ಬಿಟ್ಟಿದ್ದೀನಿ." ಮಗುವಿನ ನಿದ್ದೆ ಕೆಡುತ್ತದೆಂದು ಅರ್ಧಕ್ಕೆ ತಂದವರೂ ಅದನ್ನೇ ಹೇಳುತ್ತಾರೆ, ಹೊಟ್ಟೆಕಿಚ್ಚಿಗೆ ಪೂರಾ ಮುಚ್ಚಿದವರೂ ಅದನ್ನೇ ಹೇಳುತ್ತಾರೆ. ಹೇಳಿ ಹೇಳಿ ಅದು ನಮ್ಮೂರಿನಲ್ಲಿ ಸುಳ್ಳಿಗೆ ಇನ್ನೊಂದು ಹೆಸರಾಗಿದೆ. ಯಾರಾದರೂ ಬುರುಡೆ ಬಿಟ್ಟರೆ, "ಹೂಂ, ಪೂರ್ತಿ ಬಿಟ್ಟಿದ್ದೀಯ ಬಿಡು" ಎನ್ನುತ್ತೇವೆ.

ಜನ ಲಕ್ಷ್ಯಕ್ಕೆ ತಂದುಕೊಳ್ಳದ ಸಂಗತಿ ಒಂದಿದೆ. ನಾಬು ಇದ್ದದ್ದನ್ನು ತಗ್ಗಿಸುತ್ತದೆಯೇ ಹೊರತು ಇಲ್ಲದ್ದನ್ನು ಏರಿಸುವುದಿಲ್ಲ. ಮೇಲಿನ ಮಿತಿ ಇರುವುದು ಡಿಕ್ಕಿಯೊಳಗೆ, ಆಂಪ್ಲಿಫೈಯರಿನ ಮೈಮೇಲಿರುವ ಒಂದು ಸಣ್ಣ ಸ್ಕ್ರೂವಿನಲ್ಲಿ. ಅದಕ್ಕೆ ಗೇನ್ ಎನ್ನುತ್ತೇವೆ. ಕೂಗು ಕೂರಿಸುವಾಗ ನಾಬನ್ನು ಪೂರ್ತಿ ಬಿಡಿಸಿ, ಮೀಟರ್ ಹಿಡಿದು, ಆ ಸ್ಕ್ರೂವನ್ನು ಸ್ವಲ್ಪಸ್ವಲ್ಪವೇ ಏರಿಸುತ್ತ ಹೋಗಿ ದನಿ ಒಡೆಯುವುದಕ್ಕೆ ಕೂದಲೆಳೆ ಮೊದಲು ನಿಲ್ಲಿಸುತ್ತೇನೆ. ದಾಟಿದರೆ ದನಿ ಕರಕರ ಎನ್ನುತ್ತದೆ, ಸ್ಪೀಕರ್ ಸುಟ್ಟುಹೋಗುತ್ತದೆ. ನಿಲ್ಲಿಸಿದ ಜಾಗಕ್ಕೆ ಕೆಂಪು ಬಣ್ಣದ ಚುಕ್ಕೆಯಿಟ್ಟು, ಡಿಕ್ಕಿ ಮುಚ್ಚಿ ಅರಗಿನ ಸೀಲು ಹಾಕುತ್ತೇನೆ. ಆ ಸೀಲು ಒಡೆಯುವ ಹಕ್ಕು ಊರಿನಲ್ಲಿ ನನ್ನೊಬ್ಬನಿಗೇ. 'ನಾಬು ಎದುರಿನವರ ಮರ್ಜಿ, ಡಿಕ್ಕಿ ದೇವರ ಮರ್ಜಿ' ಎಂದು ಜನ ಹೇಳುವುದನ್ನು ಕೇಳಿ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು.

ಐದನೇ ಅಡ್ಡಬೀದಿಯಲ್ಲಿ ಚೆಲುವಾಜಮ್ಮ ಮತ್ತು ಸಣ್ಣತಾಯಮ್ಮ ಎದುರುಬದುರು ಮನೆಯವರು. ಒಂದೇ ವರ್ಷ ಮದುವೆಯಾಗಿ ಆ ಬೀದಿಗೆ ಬಂದವರು. ಚೆಲುವಾಜಮ್ಮ ಬಟ್ಟೆ ಹೊಲಿಯುತ್ತಿದ್ದರು, ಸಣ್ಣತಾಯಮ್ಮ ಸಂಡಿಗೆ ಇಡುತ್ತಿದ್ದರು. ಒಬ್ಬರ ಬಾಣಂತನ ಇನ್ನೊಬ್ಬರು ಮಾಡಿದ್ದರಂತೆ. ಸಾರು ಇಳಿಸಿದರೆ ಒಂದು ಬಟ್ಟಲು ಬೀದಿ ದಾಟದೆ ಊಟಕ್ಕೆ ಕೂರುತ್ತಿರಲಿಲ್ಲವಂತೆ. ಹನ್ನೆರಡು ವರ್ಷದ ಹಿಂದೆ ಇಬ್ಬರೂ ಮಾತಾಡಿಕೊಂಡು ಒಂದೇ ವಾರದಲ್ಲಿ ಹೊಸ ಕೂಗು ಹಾಕಿಸಿದರು. ಎರಡನ್ನೂ ನಾನೇ ಕೂರಿಸಿದೆ.

ಅದಾಗಿ ತಿಂಗಳಿಗೆ ಚೆಲುವಾಜಮ್ಮನ ಮೊಮ್ಮಗುವಿನ ನಾಮಕರಣ ಬಂತು. ಹೊಸ ಕೂಗಿನಲ್ಲಿ ಕೂತು ಇಡೀ ಬೀದಿಯನ್ನು ಊಟಕ್ಕೆ ಕರೆದರು. ಎರಡು ದಿನ ಹೂರಣ ರುಬ್ಬಿ ಮುನ್ನೂರು ಹೋಳಿಗೆ ಬೇಯಿಸಿದ್ದರು. ಬಂದದ್ದು ಅಕ್ಕಪಕ್ಕದ ಮೂರು ಮನೆಯವರು, ಮತ್ತು ಸಣ್ಣತಾಯಮ್ಮ. ಮಿಕ್ಕವರಿಗೆ ಕೂಗು ಕೇಳಿರಲೇ ಇಲ್ಲ. ಹಾಕಿದ ಎಲೆಗಳು ಗಾಳಿಗೆ ಹಾರಾಡುತ್ತಿದ್ದವು. ಎಲೆಗಳನ್ನು ಮಡಿಸಿಟ್ಟು ಚೆಲುವಾಜಮ್ಮ, ಒಲೆಯ ಮುಂದೆ ಕೂತಿದ್ದ ಗೆಳತಿಯ ಪಕ್ಕ ಬಂದು ನಿಂತರು.

"ತಾಯೀ, ನಾಬು ಮುಟ್ಟಿದ್ಯೇನೇ?"

"ಅಯ್ಯೋ ಇಲ್ಲ ಕಣೇ. ಪೂರ್ತಿ ಬಿಟ್ಟಿದ್ದೀನಿ."

"ನಂಗೂ ಅದೇ ಮಾತು ಹೇಳ್ತೀಯಲ್ಲೇ" ಎಂದರು ಚೆಲುವಾಜಮ್ಮ.

ಬಹುಕಾಲದವರೆಗೆ ಇದೇ ಅವರಿಬ್ಬರ ನಡುವಿನ ಕೊನೆಯ ಮಾತಾಯಿತು. ಚೆಲುವಾಜಮ್ಮ ಒಳಗೆ ಹೋಗಿ ಗೂಡಿನ ಮೇಲಿನ ಬಟ್ಟೆ ಸರಿಸಿ, ಸಣ್ಣತಾಯಮ್ಮನ ನಾಬನ್ನು ಸೊನ್ನೆಗೆ ತಿರುಗಿಸಿದರು. ಮುಚ್ಚುಮರೆ ಮಾಡಲಿಲ್ಲ, ಬೀದಿಗೆಲ್ಲ ಹೇಳಿಯೇ ಮಾಡಿದರು. ಯಾರೂ ತಪ್ಪೆನ್ನಲಿಲ್ಲ. ಮುನ್ನೂರು ಹೋಳಿಗೆಯ ಕಥೆ ಅಂಗಡಿಗೆ ಬಂದಾಗ, ಸಣ್ಣತಾಯಮ್ಮ ಏನೆಂದರು ಎನ್ನುವ ಭಾಗಕ್ಕೆ ಎಲ್ಲರೂ ನಕ್ಕರು. ನಾನೂ ನಕ್ಕೆ.

ಹನ್ನೊಂದು ವರ್ಷ ಹಾಗೇ ಹೋಯಿತು. ಚೆಲುವಾಜಮ್ಮನ ದನಿ ಮೂರನೇ ಮನೆಯವರೆಗೆ ಹೋಗಿ ಸೊರಗುತ್ತಿತ್ತು. ಸಣ್ಣತಾಯಮ್ಮನದು ಕಾರಿನ ಕಿಟಕಿಯನ್ನೇ ದಾಟುತ್ತಿರಲಿಲ್ಲ. ಆದರೂ ಆಕೆ ಪ್ರತಿ ಶುಕ್ರವಾರ ಎಂಜಿನ್ ಚಾಲೂ ಮಾಡಿ ಬ್ಯಾಟರಿ ಚಾರ್ಜ್ ಮಾಡಿಡುತ್ತಿದ್ದರು. ಹಾಳೂರಿಗೆ ಉಳಿದವಳೇ ಗೌಡತಿ ಎಂದು ನಾವು ಆಡಿಕೊಳ್ಳುತ್ತಿದ್ದೆವು. ಬೆಳಿಗ್ಗೆ ಇಬ್ಬರೂ ಒಂದೇ ಹೊತ್ತಿಗೆ ಅಂಗಳ ಗುಡಿಸಿ, ಒಂದೇ ಹೊತ್ತಿಗೆ ಬೆನ್ನು ತಿರುಗಿಸಿ ಒಳಗೆ ಹೋಗುತ್ತಿದ್ದರು. ಕೂಗು ತಗ್ಗಿದೆ ಎಂದು ಯಾರೂ ನನಗೆ ದೂರು ಕೊಡಲಿಲ್ಲ. ಕೊಡುವ ಪದ್ಧತಿಯೂ ಇಲ್ಲ. ಹಾಗೆ ದೂರಿದರೆ ಫಿಟ್ಟರನ್ನೇ ಕಳ್ಳ ಎಂದಂತೆ. ನಾನಾಗಿಯೇ ಹೋಗಿ ನೋಡಬಹುದಿತ್ತು. ಕರೆಯದೆ ಹೋಗುವ ಚಾಳಿ ನನ್ನದಲ್ಲ.

ಹೋದ ವರ್ಷ ಐದನೇ ಅಡ್ಡಬೀದಿಯ ಬೀದಿಕೂಗು ದಾಸೇಗೌಡರು ಕೆಲಸ ಬಿಟ್ಟರು. ಪ್ರತಿ ಬೀದಿಗೂ ಒಬ್ಬ ಬೀದಿಕೂಗು ಇರುತ್ತಾರೆ. ಯಾವ ಮನೆಯ ಕೂಗಿನಿಂದಲಾದರೂ ಮುಖ್ಯವಾದ ಸುದ್ದಿ ಕೇಳಿಬಂದರೆ, ಅದನ್ನು ತಮ್ಮ ಕಾರಿನಿಂದ ಮೂರು ಸಲ ಮರುಕೂಗಿ ಊರಿಗೆಲ್ಲ ಮುಟ್ಟಿಸುವುದು ಅವರ ಕೆಲಸ. ಪಕ್ಕಕ್ಕೆ ಬಂದು ಬಾಯಲ್ಲಿ ಹೇಳಿದ್ದನ್ನು ಅವರು ಮರುಕೂಗುವಂತಿಲ್ಲ. ದಾಸೇಗೌಡರ ಹಲ್ಲೆಲ್ಲ ಹೋಗಿ, ಸತ್ತದ್ದು ಯಾರು, ಮದುವೆಯಾದದ್ದು ಯಾರು ಎಂದೇ ತಿಳಿಯದಂತಾಗಿತ್ತು. ಒಮ್ಮೆ ಸೀಮಂತದ ಮನೆಗೆ ಜನ ಚಟ್ಟದ ಬಿದಿರು ಹೊತ್ತುಕೊಂಡು ಹೋದ ಮೇಲೆ ಅವರೇ ಸಾಕೆಂದರು.

ಆ ಜಾಗ ತನಗೆ ಬೇಕೆಂದು ಚೆಲುವಾಜಮ್ಮ ಕೇಳಿದರು. ಅವರ ತಾಯಿ ತವರಿನ ಬೀದಿಗೆ ಬೀದಿಕೂಗು ಆಗಿದ್ದವರು. ಎರಡು ಮೊಳದೊಳಗೆ ನಿಂತು ಕೇಳಿದವರಿಗೆ ಗೊತ್ತು, ಚೆಲುವಾಜಮ್ಮನದು ಹಿತ್ತಾಳೆ ಬಿಂದಿಗೆಯ ಮೇಲೆ ಬೆರಳು ಬಡಿದಂಥ ದನಿ. ಆದರೆ ಹನ್ನೊಂದು ವರ್ಷದಿಂದ ಅದನ್ನು ಬೀದಿಯ ಅರ್ಧಕ್ಕರ್ಧ ಜನ ಕೇಳಿರಲೇ ಇಲ್ಲ. ಪರೀಕ್ಷೆಯೆಂದರೆ, ಭಾನುವಾರ ಬೆಳಿಗ್ಗೆ ತಮ್ಮ ಕಾರಿನಲ್ಲಿ ಕೂತು ಹತ್ತು ಹೆಸರು ಹೇಳಬೇಕು. ಬೀದಿಯ ಕೊನೆಯ ನೀರಿನ ಟ್ಯಾಂಕಿನ ಬಳಿ ನಿಂತ ಹಿರಿಯರಿಗೆ ಹತ್ತೂ ತಿಳಿಯಬೇಕು. ತಿಳಿಯದಿದ್ದರೆ ಆ ಜಾಗ ಬೇರೆಯವರಿಗೆ, ಅವರು ಸಾಯುವವರೆಗೆ ಇಲ್ಲವೇ ತಾವಾಗಿ ಬಿಡುವವರೆಗೆ. ಚೆಲುವಾಜಮ್ಮನಿಗೆ ಆಗಲೇ ಅರವತ್ತರ ಹತ್ತಿರ. ಇನ್ನೊಂದು ಸರದಿ ಬರುವ ಮಾತಿರಲಿಲ್ಲ.

ಪರೀಕ್ಷೆಯ ಹಿಂದಿನ ದಿನ ಫಿಟ್ಟರ್ ಹೋಗಿ ಸೀಲು ಒಡೆದು, ಧೂಳು ಹೊಡೆದು, ಮತ್ತೆ ಸೀಲು ಹಾಕಬೇಕೆಂಬುದು ನಿಯಮ. ಸೀಲು ಬಿದ್ದ ಮೇಲೆ ಪರೀಕ್ಷೆಯವರೆಗೆ ಆ ಮೈಕು ಮುಟ್ಟುವಂತಿಲ್ಲ. ಶನಿವಾರ ನಾನು ಹೋದಾಗ ಚೆಲುವಾಜಮ್ಮ ಕಾದು ನಿಂತಿದ್ದರು. ಬೀದಿಯ ಆ ಬದಿ, ಈ ಬದಿ ನೋಡಿ ನನ್ನ ಕಿವಿಯ ಹತ್ತಿರ ಬಂದರು.

"ಮಾದ, ಒಂದು ಕೆಲ್ಸ ಮಾಡ್ಕೊಡಪ್ಪ. ಆ ನಾಬಿನ ತಂತಿ ಒಳಗಡೆಯಿಂದ ಕಿತ್ತಾಕ್ಬಿಡು."

"ಅಕ್ಕಾ, ಏನ್ ಮಾತಾಡ್ತೀರ! ಗೊತ್ತಾದ್ರೆ ನನ್ನ ಸೀಲು ಕಿತ್ಕೋತಾರೆ, ನಿಮ್ಮನ್ನ ಊರು ಬಿಡಿಸ್ತಾರೆ."

"ಬಿಡಿಸ್ಲಿ. ಒಂದು ಸಲ ಕೊನೇ ಮನೇವರ್ಗೂ ಕೇಳಿಸ್ಬಿಟ್ಟು ಹೋಗ್ತೀನಿ. ಆ ಪಾಪಿ ನಾಳೆ ಪೂರಾ ಮುಚ್ತಾಳೆ ಕಣೋ. ನಂಗೆ ಗೊತ್ತು."

ಆಗಲ್ಲ ಎಂದು ಹೇಳಿ ಸೀಲು ಒಡೆದು ಡಿಕ್ಕಿ ಎತ್ತಿದೆ. ಆಂಪ್ಲಿಫೈಯರಿನ ಮೇಲೆ ಬೆರಳು ದಪ್ಪ ಧೂಳಿತ್ತು. ಬ್ರಷ್ಷಿನಿಂದ ಧೂಳು ತೆಗೆದಾಗ ಗೇನಿನ ಸ್ಕ್ರೂ ಕಂಡಿತು. ಅದು ಕಾಲುಭಾಗದಲ್ಲಿ ನಿಂತಿತ್ತು. ಪಕ್ಕದಲ್ಲಿ ಕೆಂಪು ಚುಕ್ಕೆ ಇರಲಿಲ್ಲ.

ನನಗೆ ಆಗ ಎಲ್ಲ ನೆನಪಾಯಿತು. ಚೆಲುವಾಜಮ್ಮ ಸ್ಪೀಕರುಗಳನ್ನೂ ಹೊಸದಾಗಿ ಹಾಕಿಸಿದ್ದರು. ಹೊಸ ಸ್ಪೀಕರ್ ಬಿಗಿಯಾಗಿರುತ್ತದೆ. ಎಂಟು ದಿನ ತಗ್ಗಿನಲ್ಲಿ ಮಾತಾಡಿಸಿ ಪಳಗಿಸಿ, ಆಮೇಲೆ ಗೇನ್ ಏರಿಸಬೇಕು ಎಂದು ಕಾಲುಭಾಗಕ್ಕೆ ನಿಲ್ಲಿಸಿ ಸೀಲು ಹಾಕಿದ್ದೆ. ಮರೆಯಬಾರದೆಂದು ಅಂಗಡಿಯ ಗೋಡೆಯ ಮೇಲೆ ಇದ್ದಿಲಿನಲ್ಲಿ 'ಚೆಲುವಾಜಕ್ಕ, ಎಂಟು ದಿನ' ಎಂದು ಬರೆದಿದ್ದೆ. ಆ ವಾರವೇ ಹಬ್ಬ ಬಂತು. ನಾನೇ ಗೋಡೆಗೆ ಸುಣ್ಣ ಬಳಿದೆ.

ಹನ್ನೊಂದು ವರ್ಷ ಸಣ್ಣತಾಯಮ್ಮ ನಿಜ ಹೇಳಿದ್ದರು. ಕಾಲುಭಾಗದ ಗೇನಿನಲ್ಲಿ ದನಿ ಮೂರನೇ ಮನೆ ಮುಟ್ಟಬೇಕಾದರೆ ನಾಬು ಪೂರ್ತಿ ಬಿಟ್ಟೇ ಇರಬೇಕು. ತಡೆದು ಹಿಡಿದವನು ಡಿಕ್ಕಿಯೊಳಗೆ ಕೂತಿದ್ದ ನಾನು. ಬಾಯಿಬಿಡಬೇಕಿತ್ತು, ಚೆಲುವಾಜಮ್ಮ ಅಲ್ಲೇ ನಿಂತಿದ್ದರು. ಒಂದು ಡಿಕ್ಕಿ ತಪ್ಪೆಂದು ಗೊತ್ತಾದರೆ ಊರಿನ ಅಷ್ಟೂ ಡಿಕ್ಕಿಗಳ ಮೇಲೆ ಅನುಮಾನ ಬರುತ್ತದೆ, ಮನೆಮನೆಯ ಹಳೆಯ ಜಗಳಗಳೆಲ್ಲ ನನ್ನ ಅಂಗಡಿಗೆ ಬರುತ್ತವೆ ಎಂದು ಹೆದರಿದೆ. ಮೀಟರ್ ತೆಗೆದೆ. ಮಾತನ್ನು ಬಿಟ್ಟು ಕೈಕೆಲಸ ಹಿಡಿಯುವುದು ನನಗೆ ಸುಲಭ. ಸ್ಕ್ರೂವನ್ನು ಏರಿಸಿ ಸರಿಯಾದ ಜಾಗಕ್ಕೆ ತಂದು, ಕೆಂಪು ಚುಕ್ಕೆಯಿಟ್ಟು, ಡಿಕ್ಕಿ ಮುಚ್ಚಿ ಸೀಲು ಹಾಕಿದೆ.

"ಏನಿತ್ತಪ್ಪ ಒಳ್ಗೆ?" ಎಂದರು ಚೆಲುವಾಜಮ್ಮ.

"ಧೂಳಿತ್ತಕ್ಕ" ಎಂದೆ.

ಭಾನುವಾರ ನಾನು ಹಿರಿಯರ ಜೊತೆ ಟ್ಯಾಂಕಿನ ಬಳಿ ನಿಂತಿದ್ದೆ. ಚೆಲುವಾಜಮ್ಮ ಮೊದಲ ಹೆಸರು ಹೇಳಿದರು. ದನಿ ಬೀದಿ ತುಂಬಿಕೊಂಡು ಬಂತು. ಟ್ಯಾಂಕಿನ ಮೇಲಿದ್ದ ಪಾರಿವಾಳಗಳು ಎದ್ದವು. ಅವರಿಗೇ ಗಾಬರಿಯಾಗಿರಬೇಕು, ಎರಡನೇ ಹೆಸರಿಗೆ ಮೊದಲು ತುಸು ತಡೆದರು. ಆಮೇಲೆ ಒಂಬತ್ತನ್ನೂ ಒಂದರ ಹಿಂದೊಂದು, ಮದುವೆಮನೆಯಲ್ಲಿ ಎಲೆ ಹಾಕಿಕೊಂಡು ಹೋಗುವಂತೆ ಹೇಳಿ ಮುಗಿಸಿದರು. ಆದರೆ ಬಾಗಿಲಿಗೆ ಬಂದ ಜನ ನೋಡಿದ್ದು ಚೆಲುವಾಜಮ್ಮನ ಕಾರನ್ನಲ್ಲ, ಎದುರು ಮನೆಯನ್ನು. ದಾಸೇಗೌಡರು ನನ್ನ ಕಿವಿಗೆ ಬಾಯಿಟ್ಟರು.

"ಅಂತೂ ಬಿಟ್ಲು ಕಣಯ್ಯ ಮಹಾತಾಯಿ! ಹನ್ನೊಂದು ವರ್ಷ ಅದುಮಿ ಇಟ್ಕೊಂಡಿದ್ಲು. ಈಗ್ಲಾದ್ರೂ ಬುದ್ಧಿ ಬಂತಲ್ಲ."

ನಾನು "ಹೂಂ" ಎಂದೆ. ಒಂದಕ್ಷರದ ಆ ಮಾತಿನಷ್ಟು ಹೇಸಿಗೆಯ ಮಾತನ್ನು ನಾನು ಅದಕ್ಕೆ ಮೊದಲೂ ಆಡಿರಲಿಲ್ಲ, ಆಮೇಲೂ ಆಡಿಲ್ಲ. ಸಣ್ಣತಾಯಮ್ಮ ತಮ್ಮ ಬಾಗಿಲಲ್ಲಿ ನಿಂತಿದ್ದರು, ಕೈಗೆ ಸಂಡಿಗೆ ಹಿಟ್ಟು ಮೆತ್ತಿತ್ತು. ಎಲ್ಲರೂ ಅವರನ್ನು ನೋಡುತ್ತಿದ್ದರೆ ಅವರು ನನ್ನನ್ನು ನೋಡುತ್ತಿದ್ದರು. ನಾನು ಪಾರಿವಾಳಗಳ ಕಡೆ ತಿರುಗಿದೆ. ಮತ್ತೆ ಈ ಕಡೆ ನೋಡುವಷ್ಟರಲ್ಲಿ ಚೆಲುವಾಜಮ್ಮ ಕಾರಿನಿಂದಿಳಿದು, ಬೀದಿ ದಾಟಿ, ಎದುರು ಮನೆಯೊಳಗೆ ಹೋಗುತ್ತಿದ್ದರು.

ಮಾರನೆಯ ದಿನ ಮಧ್ಯಾಹ್ನ ಊಟ ಮುಗಿಸಿ ಒಂದು ಹಳೆಯ ಮೈಕಿಗೆ ಬೆಸುಗೆ ಹಾಕುತ್ತಿದ್ದೆ. ಸಣ್ಣತಾಯಮ್ಮ ಬಂದರು. ನನ್ನ ಮುಂದೆ, ಎರಡು ಮೊಳದೊಳಗೆ, ಸ್ಟೂಲು ಎಳೆದುಕೊಂಡು ಕೂತರು.

"ನಾನು ನಾಬು ಮುಟ್ಲಿಲ್ಲ ಮಾದ. ನೀನು ತಂದು ಗೂಡಲ್ಲಿ ಇಟ್ಟ ದಿನದಿಂದ ಮುಟ್ಲಿಲ್ಲ. ಶನಿವಾರ ನೀನು ಡಿಕ್ಕಿ ತೆಗ್ದೆ, ಭಾನುವಾರ ಅವಳ ದನಿ ಬಂತು. ನಂಗೆ ಓದು ಬರಹ ಬರ್ದೆ ಇರ್ಬೋದು, ಶನಿವಾರ ಆದ್ಮೇಲೆ ಭಾನುವಾರ ಬರ್ತದೆ ಅನ್ನೋದು ಗೊತ್ತು."

ಬೆಸುಗೆ ಕಡ್ಡಿ ಕೆಳಗಿಟ್ಟು ಎಲ್ಲವನ್ನೂ ಹೇಳಿದೆ. ಸ್ಪೀಕರು, ಎಂಟು ದಿನ, ಇದ್ದಿಲು, ಸುಣ್ಣ. ಬೈಯುತ್ತಾರೆ ಎಂದುಕೊಂಡೆ. ಅವರು ನನ್ನ ಹಿಂದಿನ ಸುಣ್ಣದ ಗೋಡೆಯನ್ನು ನೋಡಿದರು.

"ನಮ್ಮನೇವ್ರು ಹೋದಾಗ ನ್ಯಾಪ್ಕ ಇದ್ಯಾ ನಿಂಗೆ?" ಎಂದರು.

ಅವರ ಗಂಡ ಬಸವಲಿಂಗಯ್ಯ ತೀರಿಕೊಂಡು ಆಗ ನಾಲ್ಕು ವರ್ಷವಾಗಿತ್ತು. ನನಗೆ ಸುದ್ದಿ ತಿಳಿದದ್ದು ಮೂರು ದಿನದ ಮೇಲೆ. ಸಾವಿನ ಕೂಗು ಕೇಳಿದವರು ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಹೊರಡಬೇಕು; ಕೂಗು ಕೇಳದ ಸಾವಿಗೆ ಹೋಗಬಾರದು. ಇದು ನಮ್ಮೂರಿನ ಕಟ್ಟು.

"ಕಾರಲ್ಲಿ ಕೂತು ಮೂರು ಸಲ ಕೂಗ್ದೆ. ಅವಳು ಸೊನ್ನೆಗಿಟ್ಟಿದ್ಲಲ್ಲ, ಯಾರೂ ಬರ್ಲಿಲ್ಲ. ಆಮೇಲೆ ಎದ್ದು ಮನೆಮನೆಗೆ ಹೋದೆ. ಒಬ್ಬೊಬ್ಬರ ಪಕ್ಕಾನೂ ನಿಂತು, ನಮ್ಮನೇವ್ರು ಹೋದ್ರು ಕಣ್ರಪ್ಪಾ ಅಂತ ಹೇಳ್ದೆ. ನಾನು ಅಲ್ಲಿ ಹೇಳ್ತಾ ಇದ್ರೆ ಇಲ್ಲಿ ಅವ್ರೊಬ್ರೇ ಮಲ್ಗಿದ್ರು. ಕಟ್ಟು ಮೀರಿ ಆರು ಜನ ಬಂದ್ರು. ಅವಳು ಬಾಗಿಲ ಸಂದಿಯಿಂದ ನೋಡ್ತಿದ್ಲು. ಬರೋ ಹಂಗಿಲ್ವಲ್ಲ, ಕೂಗು ಕೇಳಿಲ್ಲ."

ನನಗೆ ಕೂರಲಾಗಲಿಲ್ಲ. ಎದ್ದು ನಿಂತೆ. "ತಾಯಕ್ಕ, ಈಗ್ಲೇ ಹೋಗಿ ಚೆಲುವಾಜಕ್ಕಂಗೆ ಹೇಳ್ತೀನಿ. ಸೀಲು ಹಿರೀಕರಿಗೆ ಒಪ್ಪಿಸಿಬಿಡ್ತೀನಿ."

"ಕೂತ್ಕೋ" ಎಂದರು. ಕೂತೆ.

"ನಿನ್ನೆ ಅವಳು ಬಂದ್ಳು. ನನ್ನ ಕೈ ಹಿಡ್ಕೊಂಡು, ಹೋಗ್ಲಿ ಬಿಡೇ, ನಾನೂ ಮರ್ತೆ, ನೀನೂ ಮರ್ತುಬಿಡು ಅಂದ್ಳು. ನಾನು, ತಪ್ಪಾಯ್ತು ಕಣೇ ಅಂದೆ."

"ಮಾಡ್ದೆ ಇರೋ ತಪ್ಪು ಒಪ್ಕೊಂಡ್ರಾ?"

"ಹನ್ನೊಂದು ವರ್ಷ ಆದ್ಮೇಲೆ ನನ್ನ ಹೊಸಿಲು ದಾಟಿ ಬಂದಿದ್ಳು ಕಣೋ. ಬರಿಗೈಲಿ ಕಳ್ಸೋಕೆ ಆಗ್ತದಾ? ತಪ್ಪಾಯ್ತು ಅಂದೆ. ಮನೆಗೆ ಹೋಗಿ ನನ್ನ ನಾಬು ಬಿಟ್ಳು. ಸಾಯಂಕಾಲ ಸಾರು ಕಳಿಸಿದ್ಳು." ಸೆರಗಿನಿಂದ ಮುಖ ಒರೆಸಿಕೊಂಡರು. "ಈಗ ನೀನು ಹೋಗಿ ನಿಜ ಹೇಳಿದ್ರೆ ಅವಳ ಗತಿ ಏನು? ಏನೂ ಮಾಡ್ದೆ ಇದ್ದೋಳ ಗಂಡನ ಸಾವನ್ನ ಊರಿಗೆ ಕೇಳಿಸ್ದಂಗೆ ಮಾಡ್ದೆ ಅಂತ ಗೊತ್ತಾಗ್ತದೆ. ಅದನ್ನ ಅವಳು ತಡ್ಕೊಳ್ಳಲ್ಲ. ಮತ್ತೆ ಬಾಗಿಲು ಹಾಕ್ಕೋತಾಳೆ. ಈ ಸಲ ನಾಚಿಕೆಗೆ ಹಾಕ್ಕೋತಾಳೆ, ಅದು ತೆಗೆಯೋ ಬಾಗಿಲಲ್ಲ."

"ಹಂಗಾದ್ರೆ ನಾನು ಏನ್ ಮಾಡ್ಲಿ?"

"ನಿಂಗೆ ಹೇಳಿ ಹಗುರಾಗ್ಬೇಕು ಅಂತ ಅದೆ. ಬ್ಯಾಡ. ಹನ್ನೊಂದು ವರ್ಷ ನಾನು ಹೊತ್ತೆ. ಇನ್ಮೇಲಿಂದು ನೀನು ಹೊತ್ಕೋ."

ಅವರು ಎದ್ದರು. ಕ್ಷಮಿಸಿದ್ದೀನಿ ಎಂದು ಹೇಳಲಿಲ್ಲ, ನಾನೂ ಕೇಳುವ ಧೈರ್ಯ ಮಾಡಲಿಲ್ಲ. ಬಾಗಿಲವರೆಗೆ ಹೋದವರು ತಿರುಗಿ ಬಂದು ಹತ್ತಿರ ನಿಂತರು.

"ಸಾವಿನ ಕೂಗಿಗೆ ಇಷ್ಟೇ ದಿನದೊಳಗೆ ಕೂಗ್ಬೇಕು ಅಂತ ವಾಯಿದೆ ಏನಾದ್ರೂ ಇದ್ಯಾ?"

"ಗೊತ್ತಿಲ್ಲಕ್ಕ. ಯಾರೂ ಕೇಳ್ದಂಗಿಲ್ಲ."

"ಹಂಗಾದ್ರೆ ಇಲ್ಲ" ಎಂದು ಹೊರಟುಹೋದರು.

ಅವರು ಹೇಳಿದಂತೆಯೇ ಇದ್ದೇನೆ. ನಮ್ಮೂರಿನ ಒಂದು ನರಪಿಳ್ಳೆಗೂ ಇದನ್ನು ಹೇಳಿಲ್ಲ. ನೀವು ನಮ್ಮೂರಿನವರಲ್ಲವೆಂದು ಹೇಳುತ್ತಿದ್ದೇನೆ.

ಅಂದು ಸಂಜೆ ಬಿಸಿಲು ಇಳಿಯುವ ಹೊತ್ತಿಗೆ, ಎರಡು ಬೀದಿ ಆಚೆಗಿನ ನನ್ನ ಅಂಗಡಿಗೆ ಒಂದು ಕೆಮ್ಮು ಕೇಳಿಸಿತು. ಗುರುತಿಲ್ಲದ ಕೆಮ್ಮು. ಆಮೇಲೆ ದನಿ ಬಂತು.

"ಕೇಳ್ರಪ್ಪಾ. ಐದನೇ ಅಡ್ಡಬೀದಿ ಸಣ್ಣತಾಯಮ್ಮ ಹೇಳ್ತಿರೋದು. ನಮ್ಮನೇವ್ರು ಬಸವಲಿಂಗಯ್ಯನವರು ತೀರ್ಕೊಂಡ್ರು." ಸ್ವಲ್ಪ ಹೊತ್ತು ಬರೀ ಉಸಿರು ಕೇಳಿಸಿತು. "ನಾಲ್ಕು ವರ್ಷ ಆಯ್ತು. ಬರೋರು ಬನ್ನಿ."

ಎದುರಿನ ಚಹದಂಗಡಿಯಲ್ಲಿ ಇಬ್ಬರು ಹುಡುಗರು ಮುಖಮುಖ ನೋಡಿಕೊಂಡು ನಕ್ಕರು. ಚಹದಂಗಡಿಯವನು ನಗಲಿಲ್ಲ. ಸ್ಟೋವ್ ಆರಿಸಿ, ಹೆಗಲಿನ ಟವೆಲ್ ಕೊಡವಿ ಮತ್ತೆ ಹೆಗಲಿಗೆ ಹಾಕಿಕೊಂಡು ಹೊರಟ. ಕೂಗು ಕೇಳಿದ ಮೇಲೆ ಹೋಗಲೇಬೇಕು. ನಾನೂ ಬೆಸುಗೆ ಕಡ್ಡಿಯ ಪ್ಲಗ್ ಕಿತ್ತು ಅವನ ಹಿಂದೆ ನಡೆದೆ. ಬೀದಿಬೀದಿಯಿಂದ ಜನ ಬಂದು ಸೇರಿಕೊಂಡರು. ಐದನೇ ಅಡ್ಡಬೀದಿ ತಲುಪುವಷ್ಟರಲ್ಲಿ ಸಣ್ಣತಾಯಮ್ಮನ ಮನೆಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಅವರು ಬಾಗಿಲಲ್ಲಿ ನಿಂತು, ಹತ್ತಿರ ಬಂದವರಿಗೆಲ್ಲ ತಲೆಯಾಡಿಸುತ್ತಿದ್ದರು.

ಸಾವಿನ ಕೂಗನ್ನು ಬೀದಿಕೂಗು ಮೂರು ಸಲ ಮರುಕೂಗಬೇಕು. ಚೆಲುವಾಜಮ್ಮನಿಗೆ ಆ ಕೆಲಸ ಸಿಕ್ಕಿ ಒಂದು ದಿನವಾಗಿತ್ತು, ಇದೇ ಅವರ ಮೊದಲ ಕೂಗು. ಕಾರಿನಲ್ಲಿ ಕೂತು ಎರಡು ಕೈಯಲ್ಲೂ ಮೈಕು ಹಿಡಿದುಕೊಂಡಿದ್ದರು. ಮೊದಲ ಸಲ ಚೆನ್ನಾಗಿಯೇ ಹೇಳಿದರು: ಐದನೇ ಅಡ್ಡಬೀದಿಯ ಬಸವಲಿಂಗಯ್ಯನವರು ತೀರಿಕೊಂಡಿದ್ದಾರೆ. ಎರಡನೇ ಸಲ 'ತೀರಿಕೊಂಡಿದ್ದಾರೆ' ಎನ್ನುವಲ್ಲಿ ದನಿ ಕರಕರ ಎಂದು ಒಡೆಯಿತು. ಶನಿವಾರ ಗೇನನ್ನು ಕೂದಲೆಳೆಯಷ್ಟು ಹೆಚ್ಚಿಗೆ ಏರಿಸಿಬಿಟ್ಟೆನೇ ಎಂದು ನನ್ನ ಜೀವ ಹಾರಿಹೋಯಿತು. ಜನರನ್ನು ಸರಿಸಿಕೊಂಡು ಕಾರಿನ ಬಳಿಗೆ ಹೋದೆ, ಕೈ ಜೇಬಿನ ಸ್ಕ್ರೂಡ್ರೈವರ್ ಹುಡುಕುತ್ತಿತ್ತು. ಕಿಟಕಿಯ ಹತ್ತಿರ ಹೋಗಿ ನೋಡಿದ ಮೇಲೆ ಮಷೀನಿನಲ್ಲಿ ದೋಷವಿಲ್ಲವೆಂದು ತಿಳಿಯಿತು. ಚೆಲುವಾಜಮ್ಮ ಅಳುತ್ತಿದ್ದರು. ಮೂರನೇ ಸಲವೂ ಪೂರ್ತಿ ಹೇಳಿದರು, ಒಂದಕ್ಷರ ಬಿಡಲಿಲ್ಲ. ಹೇಳಿ ಮುಗಿದ ಮೇಲೆ ಮೈಕು ಆರಿಸುವುದನ್ನು ಮರೆತು, ಸ್ಟೀರಿಂಗಿಗೆ ಹಣೆಯಿಟ್ಟು, ಕಟ್ಟೆಯೊಡೆದ ಹಾಗೆ ಅತ್ತರು.

ಅರವತ್ತರ ಹತ್ತಿರದ ಹೆಂಗಸೊಬ್ಬಳ ಅಳು ನಮ್ಮೂರಿನ ಮನೆಮನೆಗೂ ಹೋಗುತ್ತಿತ್ತು. ಜನ ಎಲ್ಲಿ ನೋಡಬೇಕೋ ತಿಳಿಯದೆ ನೆಲ ನೋಡುತ್ತಿದ್ದರು. ನಾನು ಮೈಕು ತೆಗೆಯಲೆಂದು ಕಿಟಕಿಯೊಳಗೆ ಕೈ ಹಾಕಿದೆ. ಅಷ್ಟರಲ್ಲಿ ಆ ಅಳು ತಾನಾಗಿಯೇ ತಗ್ಗತೊಡಗಿತು. ಕಡಿದುಹೋದ ಹಾಗಲ್ಲ, ನಿದ್ದೆ ಹೋದ ಮಗುವನ್ನು ತೋಳಿನಿಂದ ತೊಟ್ಟಿಲಿಗೆ ಇಳಿಸುವಷ್ಟು ನಿಧಾನವಾಗಿ. ಮೊದಲು ಟ್ಯಾಂಕಿನ ಕಡೆಯಿಂದ ಮರುದನಿ ನಿಂತಿತು, ಆಮೇಲೆ ಬೀದಿ ಖಾಲಿಯಾಯಿತು, ಕೊನೆಗೆ ಅಳು ಕಾರಿನ ಒಳಗಷ್ಟೇ ಉಳಿಯಿತು, ಅವರಿಗೂ ಪಕ್ಕದಲ್ಲಿ ನಿಂತಿದ್ದ ನನಗೂ ಕೇಳುವಷ್ಟು.

ಎದುರು ಮನೆಯ ಕಡೆ ತಿರುಗಿದೆ. ಸಣ್ಣತಾಯಮ್ಮ ಬಾಗಿಲಲ್ಲಿರಲಿಲ್ಲ. ಒಳಗೆ ಗೂಡಿನ ಮುಂದೆ, ಬೀದಿಗೆ ಬೆನ್ನು ಮಾಡಿ ನಿಂತಿದ್ದರು. ಗೂಡಿನ ಬಟ್ಟೆ ಹೆಗಲ ಮೇಲಿತ್ತು. ಹನ್ನೊಂದು ವರ್ಷದಲ್ಲಿ ಅವರು ಆ ನಾಬನ್ನು ಮುಟ್ಟಿದ್ದು ಅದೇ ಮೊದಲು.